ಒಂದು ದೋಣಿ, ಒಂದು ತೂತು, ಎರಡು ಇಂಜಿನ್

ಕೆಲವರ ಮನೆಗೆ ನೆಂಟರು ತಾವಾಗಿ ಬರುತ್ತಾರೆ, ನಮ್ಮ ಮನೆಗೆ ಫಜೀತಿಗಳು. ನನ್ನ ಹೆಂಡತಿಯ ಪ್ರಕಾರ ಅವು ತಾವಾಗಿ ಬರುವುದೂ ಇಲ್ಲ, ನಾನೇ ಹೋಗಿ ಕರೆದುಕೊಂಡು ಬರುತ್ತೇನೆ. ಇಪ್ಪತ್ತು ವರ್ಷ ಸಂಡೂರಿನ ಗಣಿ ಲಾರಿ ಓಡಿಸಿದವನು ನಾನು. ನಡುನೋವು ಹೆಚ್ಚಾಗಿ ಸ್ಟೇರಿಂಗ್ ಬಿಟ್ಟೆ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ನಮ್ಮೂರ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುತ್ತೇನೆಂದು ಹಳೆಯದೊಂದು ದೋಣಿ ಕೊಂಡೆ. ಇಂಜಿನ್ ಇಲ್ಲದ ದೋಣಿ. ಆಮೇಲಿನದೆಲ್ಲ ಆ ಇಂಜಿನ್ನಿನ ಕಥೆಯೇ.

೧. ಸೀಟು ಹಿಡಿಯಿರಿ

ಫೈಬರಿನ ಆ ದೋಣಿ ಕರಾವಳಿಯಿಂದ ಬಂದಿದ್ದು ಗೆಳೆಯನೊಬ್ಬನ ಖಾಲಿ ಲಾರಿಯಲ್ಲಿ. ಚಿತ್ತವಾಡ್ಗಿಯ ನಮ್ಮ ಮನೆ ಮುಂದೆಯೇ ಇಳಿಸಿದೆವು. ಶ್ರಾವಣದ ಮಳೆ ಬೇರೆ. ಎದುರುಮನೆ ಅಜ್ಜಿ ಕಟ್ಟೆಯ ಮೇಲೆ ಕೂತು ನೋಡಿ ನೋಡಿ ಕೇಳಿದರು:

"ಏನಪಾ, ಡ್ಯಾಮಿನ ಗೇಟ್ ಎತ್ಯಾರಂತೇನು?"

ನನ್ನ ಗಮನವೆಲ್ಲ ಹಗ್ಗದ ಮೇಲಿತ್ತು. "ಹೂಂ ಅಜ್ಜಿ, ಎತ್ಯಾರ" ಎಂದುಬಿಟ್ಟೆ.

ಡ್ಯಾಮ್ ತುಂಬಿದಾಗ ಗೇಟ್ ಎತ್ತುವುದು ನಮ್ಮೂರಲ್ಲಿ ಪ್ರತಿವರ್ಷದ ಮಾತು. ಆದರೆ ಮನೆ ಮುಂದೆ ದೋಣಿ ಇಳಿಯುವುದು ಪ್ರತಿವರ್ಷದ ಮಾತಲ್ಲವಲ್ಲ! ಸಂಜೆಯೊಳಗೆ ಅಜ್ಜಿಯ ಜೋಳದ ಚೀಲಗಳು ಅಟ್ಟ ಸೇರಿದವು. ಅಜ್ಜಿಯನ್ನು ನೋಡಿ ಪಕ್ಕದ ಎರಡು ಮನೆಯವರೂ ಟಿವಿ, ಮಿಕ್ಸಿ ಎಲ್ಲ ಮೇಲಕ್ಕೇರಿಸಿದರು. ಮರುದಿನ ಬೆಳಿಗ್ಗೆ ಮೂಲೆಮನೆಯವರು ಬಂದು ಮೆಲ್ಲಗೆ ಅಂದರು:

"ನಮ್ಮನ್ಯಾಗ ಆರು ಮಂದಿ ಅದೀವ್ರಿ. ದೋಣಿಯಾಗ ಮುಂದಿನ ಸೀಟ್ ಹಿಡದಿಡ್ರಿ, ನಮ್ಮಾಕಿಗೆ ಹಿಂದ ಕುಂತ್ರ ವಾಂತಿ ಆಗ್ತೈತಿ."

೨. ಮಾವನ ಗೇಣು

ಇಂಜಿನ್ನಿನಲ್ಲಿ ಎರಡು ಜಾತಿ. ದೋಣಿಯ ಹೊಟ್ಟೆಯೊಳಗೆ ಕೂರಿಸಿ, ತಳದಲ್ಲಿ ತೂತು ಕೊರೆದು, ಅದರಿಂದ ಕಬ್ಬಿಣದ ದಂಡವನ್ನು ನೀರಿಗೆ ಇಳಿಸಿ ಫ್ಯಾನು ತಿರುಗಿಸುವುದು ಇನ್‌ಬೋರ್ಡ್. ದೋಣಿಯ ಬೆನ್ನಿಗೆ ತೂಗುಹಾಕಿ, ಬೇಕಾದಾಗ ಬಿಚ್ಚಿಕೊಳ್ಳುವುದು ಔಟ್‌ಬೋರ್ಡ್. ಯಾವುದು ಹಾಕಿಸಲಿ? ಬೆಳಿಗ್ಗೆ ಅದು ಸರಿ ಅನ್ನಿಸುತ್ತಿತ್ತು, ಊಟದ ಹೊತ್ತಿಗೆ ಇದು. ಶ್ರಾವಣ ಹೋಯಿತು, ಭಾದ್ರಪದವೂ ಹೋಯಿತು. ದೋಣಿಯೊಳಗೆ ಬೀದಿನಾಯಿ ನಾಲ್ಕು ಮರಿ ಹಾಕಿತು.

ಕಂಪ್ಲಿಯಿಂದ ನಮ್ಮ ಮಾವ ಬಂದರು. ಜೀವಮಾನವಿಡೀ ನದಿಯಲ್ಲಿ ತೆಪ್ಪಕ್ಕೆ ಹುಟ್ಟು ಹಾಕಿದ ಕೈ ಅವರದು. ಮಾತಾಡದೆ ದೋಣಿಯ ಉದ್ದ, ಅಗಲ, ಆಳವನ್ನು ಗೇಣಿನಲ್ಲಿ ಅಳೆಯುತ್ತಾ ಹೋದರು. ಅಂತೂ ತಿಳಿದವರೊಬ್ಬರು ಸಿಕ್ಕರು ಎಂದು ನನಗೆ ಜೀವ ಬಂದಂತಾಯಿತು.

"ಏನಂತೀರಿ ಮಾವಾ, ಒಳಗ ಕುಂದ್ರಸೋದು ಚಲೋನೋ, ಹೊರಗ ಹಾಕೋದೋ?"

"ಹೊರಗ ನಿಂದ್ರಸಬೇಕು. ಎರಡೂ ಕಡಿ ನಾಕ್ ನಾಕು ಎಮ್ಮಿ ಆರಾಮ ನಿಂತು ನೀರು ಕುಡೀತಾವು."

ಅವರು ಅಳೆದದ್ದು ದೋಣಿಯನ್ನಲ್ಲ, ಎಮ್ಮೆಗಳ ಬಾನಿಯನ್ನು. ನನ್ನ ಹೆಂಡತಿ ಅಲ್ಲೇ ತೀರ್ಪು ಕೊಟ್ಟಳು: "ದೀಪಾವಳಿ ಒಳಗ ಇದು ನೀರಿಗೆ ಇಳೀಲಿಲ್ಲಂದ್ರ ಅಪ್ಪ ಒಯ್ಯಲಿ." ನನಗೆ ನಿಜಕ್ಕೂ ಸಂಕಟವಾಯಿತು. ಲಾರಿ ಬಿಟ್ಟ ಮೇಲೆ ನನ್ನದು ಅಂತ ಇದ್ದದ್ದು ಆ ದೋಣಿಯೊಂದೇ. ಮಾವ ಮಾತ್ರ ಹೋಗುವಾಗ ದೋಣಿಯ ಬೆನ್ನು ಸವರಿ, "ಹುಷಾರಾಗಿ ನೋಡ್ಕೋರಿ ಅಳಿಯಂದ್ರ, ಗೀರು ಬೀಳಬಾರದು" ಎಂದರು.

೩. ಕಳ್ಳನ ಅನುಕೂಲ

ಅಂದಿನಿಂದ ನನ್ನ ಬೈಕಿಗೆ ವಿಶ್ರಾಂತಿಯಿಲ್ಲ. ಸಂಡೂರಿನ ಹಳೆಯ ವರ್ಕ್‌ಶಾಪ್ ಗೆಳೆಯ ಅಂದ: "ಔಟ್‌ಬೋರ್ಡ್ ಬ್ಯಾಡೋ ಮಾರಾಯ. ದಂಡಿಮ್ಯಾಲೆ ಬಿಟ್ರ ಕಳ್ಳ ಬಿಚ್ಚಿಕೊಂಡು ಹೋಗ್ತಾನ. ದಿನಾ ಹೆಗಲಮ್ಯಾಲೆ ಹೊತ್ತು ಮನೀಗೆ ತರಬೇಕು. ನಿನ್ನ ನಡಾ ಏನಾಗಬೇಕು?"

ಪಂಪ್‌ಸೆಟ್ ರಿಪೇರಿ ಮಾಡುವ ನಮ್ಮ ಓಣಿಯ ಮೇಸ್ತ್ರಿಗೆ ಇದನ್ನು ಹೇಳಿದೆ. ಅವನು ತಲೆ ಕೆರೆದುಕೊಂಡು, "ಖರೇನ್ರಿ. ಆದ್ರ ಇನ್‌ಬೋರ್ಡ್ ಬಿಚ್ಚಾಕ ಬರಂಗಿಲ್ಲಂತ ಕಳ್ಳ ದೋಣಿ ಸಮೇತ ಒಯ್ತಾನ" ಎಂದ.

ಚಹಾ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು. "ಹಂಗಾದ್ರ ಇನ್‌ಬೋರ್ಡೇ ಹಾಕಸ್ರಿ. ಅಂಗಳಾ ಖಾಲಿ ಆಗ್ತೈತಿ."

೪. ಆ ದಡ, ಈ ದಡ

ಕಣ್ಣಾರೆ ನೋಡದೆ ತೀರ್ಮಾನ ಬೇಡವೆಂದು ಹಂಪಿಗೆ ಹೋದೆ. ಬಜಾರಿನ ಆಚೆ ಹೊಳೆ ದಾಟಿಸುವ ಮೋಟಾರ್ ಬೋಟಿನವನದು ಔಟ್‌ಬೋರ್ಡ್. ಹಿಂದೆ ಇಂಜಿನ್ನಿಗೆ ಅಂಟಿಕೊಂಡು ಕೂತೆ. ಆ ದಡಕ್ಕೆ ಹೋದೆ, ಇಳಿಯದೆ ಈ ದಡಕ್ಕೆ ಬಂದೆ. ಮತ್ತೆ ಹೋದೆ. ಆರನೇ ಸಲಕ್ಕೆ ಅವನಿಗೆ ಅನುಮಾನ ಬಂತು.

"ಯಜಮಾನ್ರ, ಆ ಕಡಿ ಏನು ಕಳಕೊಂಡೀರಿ?"

ವಿಷಯ ಹೇಳಿದೆ. ಅವನಿಗೂ ಹುರುಪು ಬಂತು. ಇಂಜಿನ್ನಿನ ಒಂದೊಂದು ಗುಣವನ್ನೂ ಹೊಗಳಿದ. ಕಲ್ಲು ಬಂದರೆ ಎತ್ತಿಕೊಳ್ಳಬಹುದು, ಹಗುರ, ಒಂದೇ ಎಳೆತಕ್ಕೆ ಚಾಲು. ಔಟ್‌ಬೋರ್ಡೇ ಸರಿ ಎಂದು ನಾನೂ ಗಟ್ಟಿ ಮನಸ್ಸು ಮಾಡಿದೆ. ಇಳಿಯುವಾಗ ಅವನು ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡ.

"ಇದನ್ನ ನೀವೇ ಒಯ್ಯಿರಲ್ಲ. ನಾ ಇನ್‌ಬೋರ್ಡ್ ಹಾಕಸಬೇಕಂತ ಮಾಡೇನಿ."

೫. ದೀಪಾವಳಿಗೆ ಎರಡು ದಿನ

ಸಿಟ್ಟಿಗೆ ಅಂದೇ ಮೇಸ್ತ್ರಿಯನ್ನು ಕರೆದು, "ಇನ್‌ಬೋರ್ಡ್, ಮುಗೀತು" ಎಂದೆ. ಮರುದಿನ ಅವನು ನಾಯಿಮರಿಗಳನ್ನು ಅಜ್ಜಿಯ ಕಟ್ಟೆಗೆ ದಾಟಿಸಿ, ದೋಣಿಯ ತಳದಲ್ಲಿ ಚೊಕ್ಕವಾಗಿ ತೂತು ಕೊರೆದ. ಆಮೇಲೆ ಅವನ ಅಂಗಡಿಯಿಂದ ತಂದ ಡೀಸೆಲ್ ಇಂಜಿನ್ ಎತ್ತಿ ನಡುವೆ ಇಟ್ಟು ನೋಡಿದೆವು. ಅರ್ಧ ದೋಣಿ ಅದಕ್ಕೇ ಆಯಿತು. ಬಲೆಗೆ ಇನ್ನರ್ಧ.

"ನಾ ಎಲ್ಲಿ ಕುಂದ್ರಲೋ?" ಎಂದೆ.

"ನೀವೂ ಬರಾವ್ರೇನ್ರಿ?" ಎಂದ ಮೇಸ್ತ್ರಿ.

ಉಸಿರು ಬಿಡದೆ ಹಂಪಿಗೆ ಓಡಿದೆ. ಬೋಟಿನವನ ಔಟ್‌ಬೋರ್ಡನ್ನೇ ಆಟೋದಲ್ಲಿ ಹಾಕಿಕೊಂಡು ಬಂದೆ. ಮೇಸ್ತ್ರಿ ತೂತಿಗೆ ಮರದ ಬಿರಡೆ ಬಡಿದು, ಮೇಲೆ ಅಂಟು ಮೆತ್ತಿದ. ದೀಪಾವಳಿಗೆ ಇನ್ನು ಎರಡೇ ದಿನ. ಹಿನ್ನೀರಿನ ದಂಡೆಯಲ್ಲಿ ಪೂಜೆ. ಮಾವ ಟ್ರ್ಯಾಕ್ಟರ್ ಸಮೇತ ಬಂದು, ಹೆಗಲಿಗೆ ಹಗ್ಗ ಹಾಕಿಕೊಂಡು ನಿಂತಿದ್ದರು.

ಇಂಜಿನ್ ಒಂದೇ ಎಳೆತಕ್ಕೆ ಚಾಲು ಆಯಿತು! ಹೆಂಡತಿ ಆರತಿ ತಟ್ಟೆ ಹಿಡಿದು ಮುಂದೆ ಕೂತಿದ್ದಳು. ದಡದಿಂದ ಇನ್ನೂ ನೂರು ಮಾರು ಹೋಗಿರಲಿಲ್ಲ, ಅವಳ ಕಾಲ ಬಳಿ ಇಟ್ಟಿದ್ದ ಕುಂಕುಮದ ಬಟ್ಟಲು ತೇಲುತ್ತಾ ನನ್ನ ಹತ್ತಿರ ಬಂತು. ಅದರ ಹಿಂದೆಯೇ ಮೇಸ್ತ್ರಿಯ ಬಿರಡೆಯೂ ಬಂತು.

"ದೋಣಿ ನೀರಿಗೆ ಇಳೀಲಿ ಅಂದಿದ್ದೆ" ಎಂದಳು ಅವಳು, ಸೀರೆ ಎತ್ತಿ ಹಿಡಿಯುತ್ತಾ. "ನೀರು ದೋಣಿಗೆ ಇಳೀಲಿ ಅಂದಿದ್ದಿಲ್ಲ."

ಆರತಿ ತಟ್ಟೆಯಲ್ಲೇ ನೀರು ಮೊಗೆಯುತ್ತಾ ದಡ ಸೇರಿದೆವು. ಮಾವ ಬಗ್ಗಿ ನೋಡಿದರು. ತೂತಿಗೆ ಬೆರಳು ಹಾಕಿದರು. ಮುಖ ಸಪ್ಪಗಾಯಿತು. ನನ್ನ ದೋಣಿ ಹೋಯಿತು ಅಂತಲೇ ಅಂದುಕೊಂಡೆ. ಅವರು ಹಗ್ಗ ಸುತ್ತಿ ಟ್ರ್ಯಾಕ್ಟರಿಗೆ ಎಸೆದರು.

"ಹೋಗ್ಲಿ ಬಿಡ್ರಿ ಅಳಿಯಂದ್ರ. ಇದರಾಗ ನೀರು ಹಾಕಿದ್ರ ಎಮ್ಮಿ ಬಾಯಿ ಹಚ್ಚೋದ್ರಾಗ ಖಾಲಿ ಆಗ್ತೈತಿ. ದೋಣಿ ನೀವೇ ಇಟ್ಕೋರಿ."

ಹೀಗೆ ನನ್ನ ದೋಣಿಯನ್ನು ಉಳಿಸಿದ್ದು ಆ ತೂತು. ಮೇಸ್ತ್ರಿ ಮೂರು ಸಲ ಮುಚ್ಚಿದರೂ ಅದು ಜಿನುಗುವುದನ್ನು ಬಿಟ್ಟಿಲ್ಲ. ಅದಕ್ಕೆಂದೇ ಅವನ ಅಂಗಡಿಯ ಸಣ್ಣ ಡೀಸೆಲ್ ಪಂಪ್‌ಸೆಟ್ ಒಂದನ್ನು ದೋಣಿಯೊಳಗೆ ಕೂರಿಸಿದ್ದೇವೆ. ಅದು ಒಳಗಿನ ನೀರನ್ನು ಹೊರಕ್ಕೆ ಚಿಮ್ಮಿಸುತ್ತಿರುತ್ತದೆ, ಹಿಂದಿನದು ದೋಣಿಯನ್ನು ನೂಕುತ್ತಿರುತ್ತದೆ. ಎರಡರ ಸದ್ದಿಗೆ ಮೀನುಗಳು ಸುತ್ತಮುತ್ತ ಸುಳಿಯುವುದಿಲ್ಲ.

ಮೊನ್ನೆ ನಾವಿಬ್ಬರೂ ದೋಣಿಯಲ್ಲಿದ್ದಾಗ ಪಕ್ಕದ ದೋಣಿಯವನು ನನ್ನ ಹೆಂಡತಿಯನ್ನು ಕೂಗಿ ಕೇಳಿದ: "ಯಕ್ಕಾ, ಕಡೀಗೆ ಯಾವುದು ಹಾಕಿಸಿದ್ರಿ, ಇನ್‌ಬೋರ್ಡೋ ಔಟ್‌ಬೋರ್ಡೋ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಕೂಗಿದಳು: "ಎರಡೂ ಅದಾವಪಾ! ಹೊರಗಿಂದು ಮುಂದ ಒಯ್ತೈತಿ, ಒಳಗಿಂದು ಮುಳುಗದಂಗ ನೋಡ್ಕೊಂತೈತಿ. ಮೀನು ಹಿಡಿಯಾಕ ಇವ್ರು ಇನ್ನೊಂದು ಇಂಜಿನ್ ಹುಡುಕಾಕ ಹತ್ಯಾರ!"