ಕೆನೆ ಬಣ್ಣವೂ ನನ್ನ ಆರಾಮಕುರ್ಚಿಯೂ

ನಮ್ಮ ಮನೆಯಲ್ಲಿ ನನ್ನ ಮಾತಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ಪರದೆ, ಹೊದಿಕೆ, ಕೊನೆಗೆ ನನ್ನ ಅಂಗಿಯ ಬಣ್ಣವೂ ಹೆಂಡತಿಯದೇ ತೀರ್ಮಾನ. ನನ್ನ ಸಾಮ್ರಾಜ್ಯವೆಂದರೆ ನಡುಮನೆಯ ಮೂಲೆಯ ಆರಾಮಕುರ್ಚಿಯೊಂದೇ. ಅದರ ಕಂದು ಬಟ್ಟೆ ನನ್ನ ತಲೆಯೆಣ್ಣೆ ಕುಡಿದು ಕಪ್ಪಾಗಿರುವುದು ನಿಜ. (ಇತಿಹಾಸವಿರುವ ವಸ್ತುಗಳೆಲ್ಲ ಹಾಗೆಯೇ.) ಅದನ್ನು ಆಚೆ ಹಾಕಬೇಕೆಂದು ಅವಳು ಮದುವೆಯಾದಾಗಿನಿಂದ ಹಟ ಹಿಡಿದಿದ್ದಳು. ನಾನೂ ಜಗ್ಗಿರಲಿಲ್ಲ.

ಹೀಗಿರುವಾಗ ನಡುಮನೆಗೆ ಬಣ್ಣ ಹೊಡೆಸುವುದೆಂದಾಯಿತು. ಬಣ್ಣದವನು ಗೋಡೆಯ ಮೇಲೆ ಎರಡು ಪಟ್ಟೆ ಬಳಿದು ಹೋದ: ಒಂದು ಬೂದು, ಇನ್ನೊಂದು ಕೆನೆ. ನಿಜ ಹೇಳಬೇಕೆಂದರೆ ನನಗೆ ಎರಡೂ ಒಂದೇ. ಆದರೆ ಹೆಂಡತಿ, "ನಂಗೆ ಬೂದೇ ಇಷ್ಟ. ಕೆನೆ ಯಾರಿಗ್ರೀ ಬೇಕು?" ಅಂದದ್ದೇ ತಡ, ನನ್ನೊಳಗಿನ ಕಲಾವಿಮರ್ಶಕ ಎದ್ದು ಕೂತ.

"ಬೂದಾ? ಗೋಡೆಗೆ ಜ್ವರ ಬಂದ ಹಾಗಿರುತ್ತೆ! ಕೆನೆನೇ ಸರಿ."

"ನನ್ನ ಹಸಿರು ಪರದೆಗೆ ಕೆನೆ ಹೊಂದಲ್ಲ."

"ಹೊಂದದಿದ್ರೆ ಪರದೆ ತೆಗಿ. ಗೋಡೆಗೆ ಹೊಂದದೇ ಇರೋದು ಯಾವುದೂ ಈ ಕೋಣೇಲಿ ಇರಬಾರದು. ಇದು ನನ್ನ ಸಿದ್ಧಾಂತ!"

"ಯಾವುದೂ?"

"ಯಾವುದೂ!" ಎಂದು ಕುರ್ಚಿಯ ಕೈ ಗುದ್ದಿದೆ.

ಅಡುಗೆಮನೆಯಿಂದ ನಮ್ಮತ್ತೆಯ ದನಿ ಬಂತು: "ಅಳಿಯಂದ್ರು ಹೇಳಿದ್ದು ನಂಗೂ ಕೇಳಿಸ್ತಮ್ಮಾ."

ಹೆಂಡತಿ ನಿಟ್ಟುಸಿರು ಬಿಟ್ಟಳು. "ಆಯ್ತು, ನಿಮ್ಮಿಷ್ಟದ ಹಾಗೇ ಆಗ್ಲಿ."

ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಗೆಳೆಯರಿಗೆಲ್ಲ ಫೋನು ಮಾಡಿ ವಿಜಯವಾರ್ತೆ ಮುಟ್ಟಿಸಿದೆ.

ಮರುದಿನ ಬಣ್ಣದವನು, "ಕುರ್ಚಿ ಸ್ವಲ್ಪ ಆಚೆಗಿಡಿ ಸಾರ್" ಅಂದ. ನಾನೇ ವರಾಂಡಕ್ಕೆ ಎಳೆದು ತಂದೆ. ತಿರುಗಿ ನೋಡಿದರೆ, ಕುರ್ಚಿಯ ಹಿಂದಿದ್ದ ಮೂಲೆಯಲ್ಲಿ ಹಳೆ ಸೀರೆ ಹೊದ್ದು ಕೂತ ಬಣ್ಣದ ಡಬ್ಬಗಳು. ಸೀರೆ ಎತ್ತಿ ನೋಡಿದೆ. ಎಲ್ಲವೂ ಕೆನೆ!

"ಇವು ಯಾವಾಗ ಬಂದ್ವೋ?"

"ಹೋದ ವಾರಾನೇ ಅಮ್ಮಾವ್ರು ತರಿಸಿದ್ರಲ್ಲ ಸಾರ್."

ಹೆಂಡತಿ ಆ ಹೊತ್ತಿಗೆ ಹಸಿರು ಪರದೆ ಬಿಚ್ಚುತ್ತಿದ್ದಳು. ಕೆನೆಗೆ ಹೊಂದುವ ಹೊಸ ಪರದೆ ಆಗಲೇ ಅವಳ ಹೆಗಲ ಮೇಲಿತ್ತು.

ಗೋಡೆ ಒಣಗಿದ ಮೇಲೆ ಕುರ್ಚಿಯನ್ನು ಒಳಗೆ ತರಹೋದೆ. ಅವಳು ಬಾಗಿಲಿಗೆ ಅಡ್ಡ ನಿಂತು, "ಗೋಡೆಗೆ ಹೊಂದುತ್ತೇನ್ರೀ?" ಅಂದಳು. ಅವಳ ಹಿಂದೆ ಸಾಕ್ಷಿಯಾಗಿ ನಮ್ಮತ್ತೆ.

ಇದನ್ನು ವರಾಂಡದಲ್ಲಿ, ಚಪ್ಪಲಿ ಗೂಡಿನ ಪಕ್ಕ, ಅದೇ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಈಗಷ್ಟೇ ಅವಳು ಬಂದು, "ವರಾಂಡಕ್ಕೆ ನೀಲಿನಾ, ಹಳದಿನಾ? ನಂಗಂತೂ ನೀಲಿನೇ ಇಷ್ಟಪ್ಪ" ಅಂದಳು.

ಉತ್ತರ ಕೊಡುವ ಮೊದಲು ನಾನು ಬಗ್ಗಿ ಕುರ್ಚಿಯ ಹಿಂದೆ ನೋಡಿದೆ.