ಮನೆ ಓನರಿಗೆ ಈಮೇಲ್ ಕಲಿಸಿದ್ದು

ಬಾಡಿಗೆ ಮನೆಯಲ್ಲಿರುವವರು ಹಾವು ಹುಲಿಗೆ ಹೆದರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಓನರ್ ಕೆಮ್ಮಿದರೆ ಖಂಡಿತ ಹೆದರುತ್ತಾರೆ. ಹೇರೋಹಳ್ಳಿಯ ನಮ್ಮ ಮನೆಯಲ್ಲಿ ನಾನು ಮಿಕ್ಸಿಗೂ ಟವೆಲ್ ಸುತ್ತಿಯೇ ಚಟ್ನಿ ರುಬ್ಬುತ್ತಿದ್ದವಳು. ಅಂಥ ನನ್ನೆದುರು, ಮಾರೇನಹಳ್ಳಿಯ ಟ್ಯುಟೋರಿಯಲ್ಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ಒಂದು ಸಂಜೆ, ನಮ್ಮ ಓನರ್ ಮುನಿರಾಜಪ್ಪನವರೇ ಬಂದು ಮೊದಲ ಬೆಂಚಿನಲ್ಲಿ ಕುಳಿತರು. ಹೊಲಗಳೆಲ್ಲ ಸೈಟುಗಳಾದ ಮೇಲೆ ಊರ ತುಂಬ ಬಾಡಿಗೆದಾರರನ್ನೇ ಬೆಳೆಯುತ್ತಿದ್ದ ಯಜಮಾನರು ಅವರು.

"ನಮ್ ಶೆಡ್ ಬಾಡಿಗೆಗೆ ತಗೊಂಡಿರೋ ಕಂಪನಿಯವ್ರು ಬಾಯಲ್ಲಿ ಮಾತಾಡೋದೇ ಬಿಟ್ಟವ್ರೆ ಮಿಸ್. ಏನ್ ಕೇಳಿದ್ರೂ ಮೇಲ್ ಹಾಕಿ ಅಂತಾರೆ. ಅದೊಂದ್ ಕಲಿಸ್ಬಿಡಿ," ಎಂದರು. "ಕೂತ್ಕೊಳ್ಳಿ ಸಾರ್" ಎನ್ನಲು ಹೋಗಿ, ಅವರು ಆಗಲೇ ಕುಳಿತಿದ್ದರಿಂದ, ನಾನೇ ಕುಳಿತುಬಿಟ್ಟೆ.

ಫಾರ್ಮಲ್ ಈಮೇಲಿನಿಂದ ಶುರು ಮಾಡಿದೆ. ಸಬ್ಜೆಕ್ಟ್ ಚುಟುಕಾಗಿರಬೇಕು, ವಿಷಯ ನೇರವಾಗಿರಬೇಕು, ಕ್ಷೇಮಸಮಾಚಾರ ಬೇಡ ಎಂದೆ. ಆಮೇಲೆ ಎಲ್ಲರೂ ಒಂದೊಂದು ಬರೆದು ನನ್ನ ಐಡಿಗೆ ಕಳಿಸಿ ಎಂದೆ. ಹುಡುಗರೆಲ್ಲ ರಜೆ ಕೇಳಿದ್ದರು. ಮುನಿರಾಜಪ್ಪನವರ ಸಬ್ಜೆಕ್ಟ್ ಮಾತ್ರ, ಮನೆ ಖಾಲಿ ಮಾಡುವ ಬಗ್ಗೆ. ಒಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಮಿಸ್, ಮುಂದಿನ ತಿಂಗಳು ದಯವಿಟ್ಟು ಖಾಲಿ ಮಾಡಿ.

ಇದು ಹೋಂವರ್ಕೋ ನೋಟೀಸೋ? ಮಗಳ ಸ್ಕೂಲು ಪಕ್ಕದ ರಸ್ತೆಯಲ್ಲೇ ಇತ್ತು. ವರ್ಷದ ನಡುವೆ ಅವಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ನನ್ನ ಗಂಡ, "ನಿನ್ ಸ್ಟೂಡೆಂಟ್ ಅಲ್ವೇನೇ, ಕೇಳ್ಬಿಡು," ಎಂದರು. "ನಿಮ್ ಓನರ್ ಅಲ್ವಾ, ನೀವೇ ಕೇಳಿ," ಎಂದೆ. ಅವರು ಪೇಪರ್ ಓದತೊಡಗಿದರು. ಕೊನೆಗೆ ನಾನು ಮೇಷ್ಟ್ರಿಕೆಯ ಹಿಂದೆ ಅಡಗಿಕೊಂಡು, ಹತ್ತಕ್ಕೆ ಏಳು ಮಾರ್ಕು ಕೊಟ್ಟು, 'ಕಾರಣ ತಿಳಿಸಿಲ್ಲ' ಎಂದು ಷರಾ ಬರೆದು ಕಳಿಸಿದೆ. ಬೀದಿಗೆ ಬೀಳುವುದೇ ಆದರೆ ಕಾರಣವಾದರೂ ಗೊತ್ತಾಗಲಿ.

ಮುಂದಿನ ಕ್ಲಾಸಿನ ಹೊತ್ತಿಗೆ ತಿದ್ದಿದ ಪ್ರತಿ ಬಂದಿತ್ತು. ಹಾಲ್ ಗೋಡೆಗೆ ಮೊಳೆ ಹೊಡೆದಿದ್ದೀರಿ. ಟ್ಯಾಂಕ್ ತುಂಬಿ ಹರಿದರೂ ಮೋಟರ್ ಆಫ್ ಮಾಡುವುದಿಲ್ಲ. ಎರಡು ದಿನಕ್ಕೆಂದು ಬಂದ ನಿಮ್ಮ ಅತ್ತೆ ಇನ್ನೂ ಹೋಗಿಲ್ಲ. ಒಂದೂ ಸುಳ್ಳಲ್ಲ. ವ್ಯಾಕರಣವೂ ಸರಿಯಾಗಿತ್ತು.

ಕ್ಲಾಸ್ ಮುಗಿದ ಮೇಲೆ ಕೇಳಿದೆ: "ಸಾರ್, ಇದು ಪ್ರಾಕ್ಟೀಸ್ ತಾನೇ?"

"ಪ್ರಾಕ್ಟೀಸೇ ಮಿಸ್. ನಂಗೆ ಗೊತ್ತಿರೋದೇ ಮನೆ ವಿಷ್ಯ, ಅದ್ನೇ ಬರ್ದೆ." ಸ್ವಲ್ಪ ಯೋಚಿಸಿ ಮುಂದುವರಿಸಿದರು: "ಆದ್ರೆ ನೀವು ಕಾರಣ ಬರೀರಿ ಅಂದ್ರಲ್ಲ, ಬರೀತಾ ಬರೀತಾ ನಂಗೂ ಹೌದಲ್ವಾ ಅನ್ನಿಸ್ತು."

ಫಾರ್ಮಲ್ ಪಾಠ ಅಲ್ಲಿಗೇ ಮುಗಿಯಿತು. ಇನ್ನೂ ಅರ್ಧ ಬಾಕಿ ಇದೆ ಎಂದು ಹುಡುಗರು ಹೇಳಿದ್ದು ನನಗೆ ಕೇಳಿಸಲಿಲ್ಲ. ಮರುದಿನವೇ ಇನ್‌ಫಾರ್ಮಲ್ ಈಮೇಲ್ ಶುರು ಮಾಡಿ ವಿಷಯವನ್ನೂ ನಾನೇ ಕೊಟ್ಟೆ: ನಮ್ಮ ಮನೆಯಲ್ಲಿ ಎಷ್ಟು ದಿನ ಬೇಕಾದರೂ ಆರಾಮಾಗಿ ಇರಿ ಎಂದು ಆತ್ಮೀಯರೊಬ್ಬರಿಗೆ ಬರೆಯಿರಿ. ಮುನಿರಾಜಪ್ಪನವರು ಅದನ್ನೂ ನನಗೇ ಬರೆದರು. ಸಾಲಿಗೊಂದು ತಪ್ಪು. ಒಂದನ್ನೂ ತಿದ್ದದೆ ಹತ್ತಕ್ಕೆ ಹತ್ತು ಕೊಟ್ಟು, ಪ್ರಿಂಟ್ ತೆಗೆಸಿ ಗಂಡನ ಕೈಗಿಟ್ಟೆ.

ಅವರು ಎರಡು ಸಲ ಓದಿ, "ಇದೂ ಪ್ರಾಕ್ಟೀಸಾ?" ಎಂದರು.

ಅದನ್ನು ಓನರನ್ನು ಕೇಳುವ ಧೈರ್ಯ ಬರದೆಯೇ ಆ ಮನೆಯಲ್ಲಿ ನಾವು ಇನ್ನೂ ಹಲವು ವರ್ಷ ಇದ್ದೆವು.