ಎಡಗೈಯಿಂದ ಕೊಟ್ಟ ಗರಿ

ಬಿಡುವ ವಿಷಯದಲ್ಲಿ ನಾನು ನೆಚ್ಚಬಹುದಾದ ಮನುಷ್ಯನಲ್ಲ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ನಾವು ಕ್ರೈಸ್ತರು ಏನನ್ನಾದರೂ ಬಿಡುತ್ತೇವೆ. ಒಂದು ವರ್ಷ ನಾನು ಚಹಾ ಬಿಟ್ಟೆ. ಮೂರನೆಯ ದಿನ ಹೆಂಡತಿ ಲೂಸಿ ತಾನೇ ಕಪ್ಪು ತಂದು ಮುಂದಿಟ್ಟು, ದೇವರಿಗೆ ನಿಮ್ಮ ತಪಸ್ಸು ಮುಟ್ಟಿದೆ, ಇನ್ನು ಮನೆಯವರ ಮೇಲೂ ಕರುಣೆ ಇರಲಿ ಎಂದಳು. ಇನ್ನೊಂದು ವರ್ಷ ಮಟನ್ ಬಿಟ್ಟೆ. ಆ ವರ್ಷ ಡಾಕ್ಟರರೂ ಅದನ್ನೇ ಬಿಡಿಸಿದ್ದರಿಂದ, ಬಿಟ್ಟದ್ದು ದೇವರಿಗಾಗಿಯೋ ಕೊಲೆಸ್ಟರಾಲಿಗಾಗಿಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಈ ವರ್ಷ ನಮ್ಮ ಫಾದರ್ ತಪಸ್ಸುಕಾಲಕ್ಕೆ ಎರಡು ವಾರ ಮೊದಲೇ, ಚಹಾ ಮಟನ್ ಬಿಟ್ಟದ್ದು ಸಾಕು, ಮನಸ್ಸಿನ ಹೊರೆ ಇಳಿಸಿ ಎಂದು ಪ್ರಸಂಗ ಮಾಡಿದರು. ಕೊನೆಯಲ್ಲಿ, ಕಳೆದ ವರ್ಷದ ಗರಿಗಳನ್ನು ಬಾಗಿಲ ಬಳಿಯ ಬುಟ್ಟಿಗೆ ಹಾಕಲು ಮರೆಯಬೇಡಿ ಎಂದರು. ಅವರಿಗೆ ಅವು ಎರಡು ಸೂಚನೆಗಳು. ನನಗೆ ಒಂದೇ.

ಗರಿಯ ವಿಷಯ ಸ್ವಲ್ಪ ಹೇಳಬೇಕು. ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರ ಚರ್ಚಿನಲ್ಲಿ ತೆಂಗಿನ ಗರಿ ಕೊಡುತ್ತಾರೆ. ಅದನ್ನು ಶಿಲುಬೆಯಾಗಿ ಹೆಣೆದು ದೇವರ ಪಟದ ಹಿಂದೆ ಸಿಕ್ಕಿಸಿ ವರ್ಷವಿಡೀ ಇಟ್ಟುಕೊಳ್ಳುತ್ತೇವೆ. ಮರುವರ್ಷ ಒಣಗಿದ ಗರಿಗಳನ್ನು ಚರ್ಚಿಗೆ ಹಿಂದಿರುಗಿಸಿದರೆ, ಅವನ್ನು ಸುಟ್ಟು, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಂದು ನಮ್ಮ ಹಣೆಗೇ ಹಚ್ಚುತ್ತಾರೆ. ನಮ್ಮ ಮನೆಯಲ್ಲಿ ಹೆಣೆಯುವುದು ಥೆರೇಸಕ್ಕನ ಕೆಲಸವಾಗಿತ್ತು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಗದಗದಿಂದ ಪುಣೆಗೆ ಬಂದು ನರ್ಸ್ ಆಗಿ ದುಡಿದು, ನನ್ನನ್ನು ಓದಿಸಿ, ಮದುವೆಯಾಗದೆ ಕೊನೆಯವರೆಗೂ ನಮ್ಮ ಜೊತೆಗಿದ್ದಳು. ಪ್ರಸಂಗ ಮುಗಿಯುವುದರೊಳಗೆ ಅವಳ ಮಡಿಲಲ್ಲಿ ಮೂರು ಶಿಲುಬೆ ಸಿದ್ಧವಾಗಿರುತ್ತಿದ್ದವು, ತೋಳುಗಳೆಲ್ಲ ಬಿಗಿ.

ನಾನು ಪುಣೆ ಹತ್ತಿರದ ತಳೇಗಾಂವದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಹಿಡಿದು ಪಕ್ಕಕ್ಕಿಡುವುದು ಇಪ್ಪತ್ತಾರು ವರ್ಷಗಳ ನನ್ನ ಕೆಲಸ. ಅದನ್ನು ಕಾರ್ಖಾನೆಯಲ್ಲೇ ಬಿಟ್ಟು ಬರಲು ನನಗೆ ಎಂದೂ ಆಗಿಲ್ಲ. ಲೂಸಿಯ ಚಪಾತಿಗಳು ಇದಕ್ಕೆ ಸಾಕ್ಷಿ. ಕಳೆದ ವರ್ಷ ಅಕ್ಕ ಹೆಣೆದ ಶಿಲುಬೆಯ ಬಲತೋಳು ಸಡಿಲವಾಗಿತ್ತು.

"ಅಕ್ಕಾ, ನಮ್ಮ ಫ್ಯಾಕ್ಟರಿಯಾಗ ಆಗಿದ್ರ ಇದು ರಿಜೆಕ್ಟ್," ಎಂದೆ.

"ಮಾಡಪಾ ತಮ್ಮಾ, ಮಾಡು. ನಿನ್ನ ಕೈಯಾಗ ಪಾಸಾದದ್ದು ಈ ಮನ್ಯಾಗ ಏನದ?"

ಲೂಸಿ ನಕ್ಕಳು. ನಾನೂ ನಕ್ಕೆ.

ಅಕ್ಕ ಅದನ್ನು ಎಡಗೈಯಿಂದ ಕೊಟ್ಟಳು. ಇದನ್ನು ನಾನು ನೋಡಿದೆ. ನೆರೆಮನೆಯ ಮಕ್ಕಳು ಚಾಕಲೇಟಿಗೆ ಎಡಗೈ ಚಾಚಿದರೂ ಗದರುತ್ತಿದ್ದವಳು ಅವಳು. ನೋಡಿದೆ, ಗರಿ ತೆಗೆದುಕೊಂಡೆ, ಪಟದ ಹಿಂದೆ ಸಿಕ್ಕಿಸಿದೆ. ಹತ್ತೊಂಬತ್ತನೆಯ ದಿನ ಅವಳು ಅಡುಗೆಮನೆಯಲ್ಲಿ ಬಿದ್ದಳು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈಯಲ್ಲಿ ಶಕ್ತಿ ಕಡಿಮೆಯಾದದ್ದು ಮೊದಲೇನಾದರೂ ಕಂಡಿತ್ತೇ ಎಂದು ಡಾಕ್ಟರ್ ಕೇಳಿದರು. ಇಲ್ಲ ಎಂದೆ. ಪಕ್ಕದಲ್ಲಿ ಲೂಸಿ ಸುಮ್ಮನೆ ನಿಂತಿದ್ದಳು. ನಾಲ್ಕು ದಿನದ ಮೇಲೆ ಅಕ್ಕ ಹೋದಳು.

ಗರಿ ಫ್ರಿಜ್ಜಿನ ಮೇಲಿನ ಪಟದ ಹಿಂದೆಯೇ ಉಳಿಯಿತು. ನೀರು ತೆಗೆಯಲು ಹೋದಾಗಲೆಲ್ಲ ಆ ಬಲತೋಳು ಕಾಣುತ್ತಿತ್ತು. ಹಾಗಾಗಿ ತಣ್ಣೀರು ಕುಡಿಯುವುದನ್ನು ಬಿಟ್ಟೆ. ಇಡೀ ಜನ್ಮದಲ್ಲಿ ನಾನು ಯಶಸ್ವಿಯಾಗಿ ಬಿಟ್ಟದ್ದು ಅದೊಂದೇ, ಅದೂ ತಪಸ್ಸುಕಾಲವಲ್ಲದ ಕಾಲದಲ್ಲಿ.

ಅಕ್ಕಾವ್ರು ಇದ್ದಿದ್ದರೆ ತಾವೇ ಒಯ್ದು ಹಾಕುತ್ತಿದ್ದರು ಎಂದು ಲೂಸಿ ಹೇಳಿದ ಮೇಲೆ, ಮೊದಲ ಭಾನುವಾರ ಗರಿಯನ್ನು ಜೇಬಿನಲ್ಲಿ ಒಯ್ದು ಜೇಬಿನಲ್ಲೇ ವಾಪಸು ತಂದೆ. ಎರಡನೆಯ ಭಾನುವಾರ ಬುಟ್ಟಿಗೆ ಹಾಕಿದೆ. ಆದರೆ ಪೂಜೆಯ ನಡುವೆ ಎದ್ದು ಹೋಗಿ, ಅದನ್ನೇ ವಾಪಸು ತೆಗೆಯಲು ಬುಟ್ಟಿಗೆ ಕೈಹಾಕಿ ಹುಡುಕತೊಡಗಿದೆ. ಹಿಂದಿನ ಬೆಂಚಿನ ಅಜ್ಜಿಯೊಬ್ಬರು ಮರಾಠಿಯಲ್ಲಿ, ಹಾಕಲು ಮನಸ್ಸಿಲ್ಲದವರು ತರಲೇಬಾರದು ಎಂದರು. ನ್ಯಾಯವಾದ ಮಾತು. ಕೈ ತೆಗೆದೆ.

ಬೂದಿ ಬುಧವಾರ ಮುಂಜಾನೆ ಫಾದರ್ ನನ್ನ ಹಣೆಗೆ ಬೂದಿ ಹಚ್ಚಿದರು. ಅದರಲ್ಲಿ ಅಕ್ಕನ ಗರಿಯೂ ಒಂದಿಷ್ಟು ಇದ್ದಿರಬೇಕು. ಗಾಳಿಗೆ ಹಾರೀತೆಂದು ತಳೇಗಾಂವದವರೆಗೂ ಬಸ್ಸಿನ ಕಿಟಕಿಗೆ ಬೆನ್ನು ಹಾಕಿ ಕುಳಿತೆ. ಹತ್ತು ಗಂಟೆಯ ಚಹಾಕ್ಕೆ ಹೋದಾಗ, ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಕ್ಯಾಂಟೀನಿನಾಕೆ, "ಕಪಾಳಾಲಾ ಕಾಯ್ ಲಾಗಲಂಯ್, ಸಾಹೇಬ?" ಎನ್ನುತ್ತ, ನಾನು ಬಾಯಿ ತೆರೆಯುವ ಮೊದಲೇ ಸೆರಗಿನಿಂದ ಹಣೆ ಒರೆಸಿಬಿಟ್ಟರು. ಹಣೆಗೇನು ಹತ್ತಿದೆ ಎಂದು ಅವರು ಕೇಳಿದ್ದು ಗ್ರೀಸ್ ಮೆತ್ತಿದೆ ಎಂದುಕೊಂಡು. ಒಳ್ಳೆಯ ಹೆಂಗಸು. ಥ್ಯಾಂಕ್ಸ್ ಹೇಳಿದೆ. ಅವರ ಸೆರಗಿನ ತುದಿಯಲ್ಲಿ ಬೆರಳಗಲದ ಕಪ್ಪು ಕಲೆಯಾಗಿತ್ತು. ಮಧ್ಯಾಹ್ನವೂ ನಾನು ಅದನ್ನೇ ನೋಡುತ್ತಿದ್ದೆ. ಐವತ್ತೈದರ ಈ ಮನುಷ್ಯ ಮಾವಶಿಯ ಸೆರಗನ್ನು ಇಷ್ಟು ಹೊತ್ತು ನೋಡುವುದೇಕೆಂದು ಜೊತೆಯವರು ಕೆಮ್ಮಿದರು.

ಸಂಜೆ ಮತ್ತೆ ಸಾಲಿನಲ್ಲಿ ನಿಂತೆ. ಬೆಳಗಾವಿ ಕಡೆಯವರಾದ ನಮ್ಮ ಫಾದರ್ ಹೆಬ್ಬೆರಳನ್ನು ಬೂದಿಗೆ ಅದ್ದಿ, ನನ್ನನ್ನು ನೋಡಿ ತಡೆದರು.

"ಮುಂಜಾನೆ ಬಂದಿದ್ರಲ್ರಿ?"

"ಅಳಿಸಿ ಹೋತ್ರಿ, ಫಾದರ್."

ಹಿಂದೆ ಸಾಲು ಉದ್ದವಿತ್ತು. ಇನ್ನೇನೂ ಕೇಳದೆ ಹಚ್ಚಿದರು. ಹೊರೆ ಇಳಿಸಬೇಕಾದ ದಿನ, ಇಳಿಸಿದ್ದನ್ನು ವಾಪಸು ಪಡೆಯಲು ಎರಡು ಸಲ ಸಾಲು ನಿಂತವನು ಆ ಚರ್ಚಿನಲ್ಲಿ ನಾನೊಬ್ಬನೇ ಇರಬೇಕು.

ಮನೆಯಲ್ಲಿ ಲೂಸಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ಹಣೆ ನೋಡಿ, ಈಗಾದರೂ ಹಗುರವಾಯಿತೇ ಎಂದು ಕೇಳಿದಳು. ಆಗ ಹೇಳಿಬಿಟ್ಟೆ. ಸಡಿಲ ತೋಳು, ಎಡಗೈ, ಡಾಕ್ಟರಿಗೆ ಇಲ್ಲ ಎಂದದ್ದು, ಎಲ್ಲವನ್ನೂ ಕ್ರಮವಾಗಿ, ಕಾರ್ಖಾನೆಯಲ್ಲಿ ರಿಪೋರ್ಟ್ ಓದುವಂತೆ ಹೇಳಿದೆ. ಅವಳ ಕೈ ಸೊಪ್ಪಿನ ಮೇಲೆ ನಿಂತಿತು.

"ನಾನೂ ನೋಡಿದ್ದೆರಿ," ಎಂದಳು. "ಅದಕ್ಕೂ ಮೊದಲ ಎರಡ ಸಲ ಚಹಾದ ಕಪ್ಪು ಎಡಗೈಲೇ ಕೊಟ್ಟಿದ್ರು. ನಿಮಗ ಹೇಳಿದ್ರ ಚ್ಯಾಷ್ಟಿ ಮಾಡ್ತೀರಿ, ಅಕ್ಕಾವ್ರಿಗೆ ಬ್ಯಾಸರಾಗ್ತದ ಅಂತ ಸುಮ್ನಾದೆ."

ಬಹಳ ಹೊತ್ತು ಇಬ್ಬರೂ ಸೊಪ್ಪು ಬಿಡಿಸಿದೆವು. ದಂಟು ಉಳಿದಿದೆ ಎಂದು ಯಾವಾಗಲೂ ಹೇಳುವ ನಾನು ಆ ದಿನ ಹೇಳಲಿಲ್ಲ.

ಈ ಸಲ ಗರಿಗಳ ಭಾನುವಾರ ನಾನೇ ಹೆಣೆಯಲು ಕುಳಿತೆ. ಪ್ರಸಂಗ ಮುಗಿಯಿತು, ಪೂಜೆ ಮುಗಿಯಿತು, ಜನ ಎದ್ದು ಹೋದರು, ನಾನಿನ್ನೂ ಹೆಣೆಯುತ್ತಿದ್ದೆ. ನನ್ನ ಎರಡೂ ಕೈ ಗಟ್ಟಿಯಾಗಿವೆ. ಆ ವಾರವೇ ಡಾಕ್ಟರಿಗೆ ತೋರಿಸಿ ಬಂದಿದ್ದೆ. ಆದರೂ ಶಿಲುಬೆಯ ಬಲತೋಳಷ್ಟೇ ಅಲ್ಲ, ತಲೆಯಿಂದ ಬುಡದವರೆಗೆ ಎಲ್ಲವೂ ಸೊಟ್ಟ. ಬಲಗೈಯಿಂದಲೇ ಲೂಸಿಗೆ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿದಳು. ಅದಕ್ಕಿಂತ ಹೆಚ್ಚು ಹೊತ್ತು ಕೊಟ್ಟ ಕೈಯನ್ನು ನೋಡಿದಳು. ಈಗ ನಮ್ಮ ಮನೆಯಲ್ಲಿ ಇನ್ಸ್‌ಪೆಕ್ಟರುಗಳು ಇಬ್ಬರು.